ಬಾನೆಟ್ಟಿನ ಕೆಳಗಿನ ಅನಾಮಧೇಯರು

ನಮ್ಮ ಕಡೆ ಹಳೇ ಗಾಡಿಯ ಬಾನೆಟ್ ಸರಿಯಾಗಿ ಎತ್ತುವುದು ಹದಿನೈದು ವರ್ಷ ತುಂಬಿ ಮರುನೋಂದಣಿಗೆ ಹೊರಟಾಗ. ಅಲ್ಲಿಯವರೆಗೆ ಸೆಲ್ಫ್ ತಗೊಂಡರೆ ಸಾಕು, ಏರು ಹತ್ತಿದರೆ ಸಾಕು. ಎಡಗಡೆಯ ಪಾರ್ಕಿಂಗ್ ಲೈಟ್ ಉರಿಯದಿದ್ದರೆ ಯಾರಿಗೂ ತಲೆಬಿಸಿಯಿಲ್ಲ. ಶಿರಸಿ ಬಳಿಯ ವಾನಳ್ಳಿ, ಜಡ್ಡೀಗದ್ದೆ ಕಡೆಯ ರಸ್ತೆಯಲ್ಲಿ ರಾತ್ರಿ ಎದುರಾಗುವವರು ಹೆಚ್ಚಾಗಿ ಪರಿಚಯದವರೇ. ಲೈಟ್ ನೋಡಿ ಗಾಡಿ ಯಾರದ್ದೆಂದು ಹೇಳುತ್ತಾರೆ, ಒಂದೇ ಲೈಟ್ ಇದ್ದರೆ ಇನ್ನೂ ಸುಲಭ. ಆದರೆ 2022ರ ಏಪ್ರಿಲ್‌ನಿಂದ ಹಳೇ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಅಷ್ಟು ಕಟ್ಟಿ ಶಿರಸಿಯ ಕೆಎ-31 ಕಚೇರಿಯೆದುರು ಗಾಡಿ ನಿಲ್ಲಿಸಿದ ಮೇಲೆ ಇಂಡಿಕೇಟರ್ ಮಿನುಗದೇ ಹೋದರೆ ಮನೆಗೆ ವಾಪಸ್. ಹಾಗಾಗಿ ಹಿಂದಿನ ವಾರವೇ ಬಾನೆಟ್ ತೆರೆಯುತ್ತದೆ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹೋಗುತ್ತದೆ.

ಆಗ ಕಾಣುವವು ಇವು. ಬ್ಯಾಟರಿಯ ಪಕ್ಕ ಎಲ್ಲಿಗೂ ಸೇರದೆ ತೂಗುತ್ತಿರುವ ಎರಡು ಪಿನ್ನಿನ ಬಿಳಿ ಕಪ್ಲರ್. ಹೆಡ್‌ಲೈಟಿನ ಹಿಂದೆ ಟೇಪು ಸುತ್ತಿ ಮಡಚಿಟ್ಟ ಒಂಟಿ ವೈರು. ಕ್ಲಚ್ ಒತ್ತುವಾಗ ಹಿಮ್ಮಡಿಗೆ ತಾಗುವ ಇನ್ನೊಂದು ಕಪ್ಲರ್, ಅದಕ್ಕೆ ಆರು ಪಿನ್ನು. "ಭಾವ, ಇದೆಂತದು?" ಅಂತ ಕೇಳಿದರೆ ಉತ್ತರ ಸಿದ್ಧ: "ಗೊತ್ತಿಲ್ಲೆ ಮಾರಾಯ. ಗಾಡಿ ಓಡ್ತಾ ಇದ್ದಲಾ, ಇರ್ಲಿ ಬಿಡು."

ಈ ಉತ್ತರ ಅರ್ಧ ಸರಿ. ಖಾಲಿ ನೇತಾಡುವ ಕಪ್ಲರ್‌ಗಳಲ್ಲಿ ಬಹುಪಾಲು ಆ ಗಾಡಿಯಲ್ಲಿ ಯಾವತ್ತೂ ಯಾವುದಕ್ಕೂ ಸೇರಿರಲಿಲ್ಲ, ಸೇರಬೇಕಾಗಿಯೂ ಇರಲಿಲ್ಲ. ಉಳಿದ ಅರ್ಧದಲ್ಲಿದೆ ಅಪಾಯ. ಅದಕ್ಕೇ ನನ್ನ ಮಟ್ಟಿಗೆ ಇಂಥದ್ದು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ "ಇದು ಏನು" ಎಂಬುದಲ್ಲ. ಇದನ್ನು ಇಲ್ಲಿ ಇಟ್ಟವರು ಯಾರು? ಕಂಪನಿಯೋ, ಆಮೇಲೆ ಕೈ ಹಾಕಿದವರೋ?

ಕಂಪನಿಯವರು ಯಾಕೆ ಇಡುತ್ತಾರೆಂದರೆ ಲೆಕ್ಕಾಚಾರ. ಒಂದೇ ಮಾದರಿಯ ಕಾರು ಎ.ಸಿ. ಇರುವುದು, ಇಲ್ಲದ್ದು, ಫಾಗ್ ಲೈಟ್ ಇರುವುದು, ಹಿಂದಿನ ವೈಪರ್ ಇರುವುದು ಹೀಗೆ ನಾಲ್ಕಾರು ತರದಲ್ಲಿ ಮಾರಾಟಕ್ಕೆ ಬರುತ್ತದೆ. ಪ್ರತಿಯೊಂದಕ್ಕೂ ಬೇರೆ ಬೇರೆ ವೈರಿಂಗ್ ಸೆಟ್ ಹೆಣೆಸಿ, ಬೇರೆ ಬೇರೆ ನಂಬರು ಕೊಟ್ಟು, ಬೇರೆ ಬೇರೆ ಗೂಡಿನಲ್ಲಿ ಇಡುವುದಕ್ಕಿಂತ ಎಲ್ಲ ತುದಿಗಳೂ ಇರುವ ಒಂದೇ ಸೆಟ್ ಹಾಕಿ, ಬೇಡದ ತುದಿಯನ್ನು ಹಾಗೇ ಬಿಡುವುದು ಎಷ್ಟೋ ಸಲ ಅಗ್ಗ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಈ ಕ್ರಮ ನಮ್ಮಲ್ಲಿ ಬೇರೂರಿತು. 1986ರಲ್ಲಿ ಜಪಾನಿನ ಸುಮಿಟೊಮೊ ಜೊತೆ ಸೇರಿ ಹುಟ್ಟಿದ ಮದರ್‌ಸನ್ ಸುಮಿಯಂಥ ಕಂಪನಿಗಳಿಗೆ ವೈರು ಹೆಣೆಯುವುದೇ ದೊಡ್ಡ ಉದ್ಯಮವಾಯಿತು. ಆದ್ದರಿಂದ ಎ.ಸಿ. ಇಲ್ಲದ ಸಾದಾ ಕಾರಿನ ಇಂಜಿನ್ ಪಕ್ಕ ಕಂಪ್ರೆಸರ್ ಕ್ಲಚ್ಚಿಗೆಂದು ಬಂದ ಒಂಟಿ ಪಿನ್ನು ನೇತಾಡುತ್ತಿದ್ದರೆ ಅದು ಲೋಪವಲ್ಲ. ನೀವು ಕೊಳ್ಳದೇ ಬಿಟ್ಟ ಸೌಕರ್ಯದ ತುದಿ ಅದು.

ಕಂಪನಿಯ ಕೆಲಸ ಗುರುತಿಸುವುದು ಕಷ್ಟವಿಲ್ಲ. ವೈರಿನ ಮೇಲೆ ಹೆಚ್ಚಾಗಿ ಎರಡನೇ ಬಣ್ಣದ ಗೆರೆ ಇರುತ್ತದೆ. ಪಿನ್ನನ್ನು ಯಂತ್ರದಲ್ಲಿ ಒತ್ತಿ ಕೂರಿಸಿರುತ್ತಾರೆ, ಒಂದು ಹಲ್ಲು ತಾಮ್ರವನ್ನು ಹಿಡಿದರೆ ಇನ್ನೊಂದು ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿದಿರುತ್ತದೆ. ವೈರು ಮುಖ್ಯ ಕಟ್ಟಿನೊಳಗಿಂದಲೇ ಕವಲೊಡೆದು ಬರುತ್ತದೆ. ಆಮೇಲೆ ಸೇರಿದ್ದು ಹೀಗಿರುವುದಿಲ್ಲ. ಅಂಗಡಿಯಲ್ಲಿ ಆವತ್ತು ಯಾವ ಬಣ್ಣದ ಸುರುಳಿ ಉಳಿದಿತ್ತೋ ಅದೇ ಬಣ್ಣ ಈ ತುದಿಯಿಂದ ಆ ತುದಿಯವರೆಗೆ. ಹೆಚ್ಚಾಗಿ ಕೆಂಪು. ಸುಲಿದು, ತಿರುಚಿ, ಕಪ್ಪು ಟೇಪು ಸುತ್ತಿದ ಗಂಟು. ಟೇಪಿನ ಅಂಟು ಬೇಸಿಗೆಯಲ್ಲಿ ಕರಗಿ, ಮಳೆಗಾಲದಲ್ಲಿ ಬಿಚ್ಚಿಕೊಂಡು, ಧೂಳು ಹಿಡಿದು ಕೈಗೆ ಮೆತ್ತುತ್ತದೆ. ಹಿಂದಿನ ಮಾಲೀಕ ಹಾಕಿಸಿದ ಟೇಪ್ ರೆಕಾರ್ಡರ್, ರಿವರ್ಸ್ ಹೋಗುವಾಗ ಹಾಡುವ ಹಾರ್ನು, ಗಣಪತಿ ಹಬ್ಬಕ್ಕೆಂದು ಕೂರಿಸಿದ ಬಣ್ಣದ ದೀಪ ಎಲ್ಲ ಹೋಗಿವೆ, ವೈರು ಉಳಿದಿದೆ. ಫ್ಯೂಸ್ ಇಲ್ಲದೆ ನೇರ ಬ್ಯಾಟರಿಯಿಂದ ಎಳೆದ ಇಂಥ ವೈರಿನ ತುದಿ ಬಾಡಿಗೆ ತಾಗಿದರೆ ಮೊದಲು ಹೊಗೆ, ಆಮೇಲೆ ಬೆಂಕಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಇನ್ನೂ ಓಡುತ್ತಿರುವ ಜೀಪುಗಳದ್ದು ಬೇರೆಯದೇ ಕತೆ. ಕರಡ, ಗೊಬ್ಬರ, ಅಡಿಕೆ ಮೂಟೆ, ಮದುವೆ ದಿಬ್ಬಣ, ರಾತ್ರಿ ಹೊತ್ತಿನ ಹೆರಿಗೆ ಎಲ್ಲವನ್ನೂ ಹೊತ್ತ ಗಾಡಿಗಳು ಇವು. ಹೊತ್ತದ್ದಕ್ಕಿಂತ ಹೆಚ್ಚು ರಿಪೇರಿ ಕಂಡಿವೆ. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಗೆ ಬೊಂಬಾಯಿಯಲ್ಲಿ ವಿಲೀಸ್ ಜೀಪು ಜೋಡಿಸತೊಡಗಿತು. ಮೊದಲಿನವು ಪೆಟ್ರೋಲ್. ಪೆಟ್ರೋಲ್ ದುಬಾರಿಯಾಯಿತು ಅಂತ ಆ ಇಂಜಿನ್ ಇಳಿಸಿ ಡೀಸೆಲ್ ಏರಿಸಿದವರು ಊರೂರಲ್ಲಿ ಇದ್ದಾರೆ. ಪೆಟ್ರೋಲ್ ಇಂಜಿನ್ನಿಗೆ ಇಗ್ನಿಷನ್ ಕಾಯಿಲ್ ಬೇಕು, ಡೀಸೆಲ್ಲಿಗೆ ಬೇಡ. ಇಂಜಿನ್ ಇಳಿದರೂ ಕಾಯಿಲಿಗೆ ಹೋಗುತ್ತಿದ್ದ ವೈರು ಇಳಿಯಲಿಲ್ಲ. ಕೀ ತಿರುಗಿಸಿದಾಗಲೆಲ್ಲ ಅದರಲ್ಲಿ 12 ವೋಲ್ಟ್ ಬಂದು ನಿಲ್ಲುತ್ತದೆ, ಮಾಡಲು ಕೆಲಸವಿಲ್ಲ.

1980ರ ದಶಕದಲ್ಲಿ ಮಹೀಂದ್ರಾ ಗಾಡಿಗಳಿಗೆ ಪ್ಯೂಜೊ ಮೂಲದ ಎಕ್ಸ್‌ಡಿಪಿ ಡೀಸೆಲ್ ಇಂಜಿನ್ ಬಂತು. ತಣ್ಣಗಿರುವಾಗ ಅದಕ್ಕೆ ಹೀಟರ್ ಬೇಕು. ಸಿಲಿಂಡರಿಗೊಂದು ಹೀಟರ್ ಪ್ಲಗ್, ನಾಲ್ಕಕ್ಕೂ ಸೇರಿ ಮೂವತ್ತು ನಲವತ್ತು ಆಂಪಿಯರ್ ಎಳೆಯುತ್ತದೆ, ಹಾಗಾಗಿ ಅದರ ವೈರು ಬೆರಳಿನಷ್ಟಲ್ಲದಿದ್ದರೂ ಪೆನ್ಸಿಲಿನಷ್ಟು ದಪ್ಪ ಇರಲೇಬೇಕು. ಆ ಇಂಜಿನ್ ದಣಿದ ಮೇಲೆ ಹೀಟರ್ ಬೇಡದ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್ ಕೂರಿಸಿದರು. ಹೀಟರಿನ ಸ್ವಿಚ್ಚು, ರಿಲೇ, ದಪ್ಪ ವೈರು ಎಲ್ಲ ಅಲ್ಲೇ. ಹಳೇ ಚಾಳಿಯಲ್ಲಿ ಚಳಿಗಾಲದ ಬೆಳಿಗ್ಗೆ ಯಾರೋ ಆ ಸ್ವಿಚ್ ಒತ್ತಿದರೆ, ಆ ದಪ್ಪ ವೈರಿನ ಬೋಳು ತುದಿ ಇಂಜಿನ್ನಿಗೆ ತಾಗಿಕೊಂಡಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬಾನೆಟ್ಟಿನ ಕೆಳಗೆ ಅನಾಮಧೇಯ ವೈರು ಕಂಡರೆ ಮೊದಲು ದಪ್ಪ ನೋಡಬೇಕು ಅನ್ನುವುದು ಇದಕ್ಕೇ. ತೆಳು ವೈರು ದೀಪದ್ದೋ ಸೆನ್ಸರಿನದ್ದೋ ಇರಬಹುದು, ಗಡಿಬಿಡಿ ಬೇಡ. ದಪ್ಪ ವೈರನ್ನು ಆವತ್ತೇ ವಿಚಾರಿಸಿಕೊಳ್ಳಬೇಕು.

ಸೈನ್ಯದಿಂದ ಹರಾಜಿನಲ್ಲಿ ಬಂದ ಜೀಪಾದರೆ ಇನ್ನೊಂದು ಮಜಾ. ಹಿಂದೆ ಟ್ರೇಲರಿಗೆಂದು ದುಂಡು ಸಾಕೆಟ್ಟು. ಹಿಂದಿನ ಆಕ್ಸಲಿನ ಗುಂಡಿನ (ಡಿಫರೆನ್ಷಿಯಲ್) ಕಡೆ ಮುಖ ಮಾಡಿದ ಪುಟ್ಟ ದೀಪಕ್ಕೆ ಇನ್ನೊಂದು ವೈರು. ಕತ್ತಲಲ್ಲಿ ಸಾಲಾಗಿ ಹೋಗುವಾಗ ಶತ್ರುವಿಗೆ ಕಾಣದೆ ಹಿಂದಿನ ಚಾಲಕನಿಗೆ ಮಾತ್ರ ಕಾಣಲೆಂದು ಆ ಗುಂಡಿಗೆ ಬಿಳಿ ಬಣ್ಣ ಬಳಿದು ಬೆಳಕು ಬಿಡುವ ಏರ್ಪಾಡು ಅದು. ಘಟ್ಟದ ಮಂಜಿನಲ್ಲಿ ಇದೂ ಉಪಯೋಗಕ್ಕೆ ಬರಬಹುದೇನೋ, ಪ್ರಯತ್ನಿಸಿದವರನ್ನು ನಾನು ಕಂಡಿಲ್ಲ.

ಇನ್ನು ಬಣ್ಣ. ವೈರಿನ ಬಣ್ಣ ನೋಡಿ ಕೆಲಸ ಹೇಳುವ ವಿದ್ಯೆ ಇದೆ ನಿಜ, ಆದರೆ ಆ ಬಣ್ಣ ಯಾವ ದೇಶದ್ದೆಂದು ಮೊದಲು ತಿಳಿದಿರಬೇಕು. ಅಂಬಾಸಿಡರ್ ಕಾರಿನ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಿಂದ 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಈ ಕಾರಿನ ಹಳೇ ಗಾಡಿಗಳ ವೈರಿಂಗ್ ಹುಟ್ಟಿದ್ದು ಲ್ಯೂಕಾಸ್ ಕಂಪನಿಯ ಪದ್ಧತಿಯಲ್ಲಿ. 1960ರ ದಶಕದ ಆರಂಭದಲ್ಲಿ ಮದ್ರಾಸಿನ ಪಾಡಿಯಲ್ಲಿ ಶುರುವಾದ ಲ್ಯೂಕಾಸ್-ಟಿವಿಎಸ್ ಆ ಹೆಸರನ್ನು ನಮ್ಮ ಪ್ರತಿ ಗ್ಯಾರೇಜಿಗೂ ತಲುಪಿಸಿತು. ಲ್ಯೂಕಾಸ್ ಕ್ರಮದಲ್ಲಿ ಕಂದು ವೈರು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಕೀ ತೆಗೆದರೂ ಜೀವಂತ. ಬಿಳಿ ಎಂದರೆ ಕೀ ತಿರುಗಿಸಿದ ಮೇಲೆ ಬರುವುದು. ಅದು ಫ್ಯೂಸ್ ದಾಟಿದ ಮೇಲೆ ಹಸಿರಾಗುತ್ತದೆ. ಹಸಿರಿನ ಮೇಲೆ ಕೆಂಪು ಗೆರೆ ಎಡಗಡೆಯ ಇಂಡಿಕೇಟರಿನದ್ದು, ಬಿಳಿ ಗೆರೆ ಬಲಗಡೆಯದ್ದು, ನೇರಳೆ ಗೆರೆ ಬ್ರೇಕ್ ಲೈಟಿನದ್ದು. ಬರೀ ಕೆಂಪು ಪಾರ್ಕಿಂಗ್ ಲೈಟಿಗೆ. ನೀಲಿ ಹೆಡ್‌ಲೈಟಿಗೆ, ಅದರ ಮೇಲೆ ಬಿಳಿ ಗೆರೆ ಇದ್ದರೆ ದೂರದ ಬೆಳಕು, ಕೆಂಪು ಗೆರೆ ಇದ್ದರೆ ಹತ್ತಿರದ ಬೆಳಕು, ಅಂದರೆ ಡಿಪ್. ಕಪ್ಪು ಅರ್ಥಿಂಗ್. ಇದನ್ನು ಬಾಯಿಪಾಠ ಮಾಡಿದವರಿಗೆ ಹಳೇ ಅಂಬಾಸಿಡರಿನ ಯಾವ ಒಂಟಿ ವೈರೂ ಹೆಚ್ಚು ಹೊತ್ತು ಗುಟ್ಟು ಬಚ್ಚಿಡಲಾರದು.

ಅದೇ ಬಾಯಿಪಾಠ ಹಿಡಿದು ಜರ್ಮನ್ ಕಾರಿಗೆ ಕೈ ಹಾಕಿದರೆ ಕೆಟ್ಟಿರಿ. ಅಲ್ಲಿ ಕಂದು ಬಣ್ಣವೇ ಅರ್ಥಿಂಗ್. ಲ್ಯೂಕಾಸಿನ ಜೀವಂತ ವೈರು ಅಲ್ಲಿ ಅರ್ಥಿಂಗ್ ಆಗಿ ಕೂತಿದೆ. ಸುಜುಕಿ ಕುಲದಲ್ಲಿ, ಅಂದರೆ ನಮ್ಮ 800, ಆಮ್ನಿ, ಝೆನ್‌ಗಳಲ್ಲಿ, ಕಪ್ಪು ಅರ್ಥಿಂಗ್ ಹೌದು, ಆದರೆ ಕಪ್ಪಿನ ಮೇಲೆ ಬಿಳಿ ಗೆರೆ ಇದ್ದರೆ ಕೀ ತಿರುಗಿಸಿದಾಗ ಬರುವ ಮುಖ್ಯ ಕರೆಂಟು. ಗೆರೆ ಕಾಣದಷ್ಟು ಮಣ್ಣು ಮೆತ್ತಿಕೊಂಡ ವೈರನ್ನು "ಕಪ್ಪಲ್ಲವಾ, ಅರ್ಥಿಂಗೇ" ಅಂತ ಬಾಡಿಗೆ ಬೋಲ್ಟ್ ಮಾಡಿದವರ ಫ್ಯೂಸು ಹಾರಿದೆ, ಕೆಲವರ ವೈರಿಂಗೇ ಸುಟ್ಟಿದೆ. ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ವೈರು ಒರೆಸಿಕೊಂಡು, ಹಗಲಿನ ಬೆಳಕಿನಲ್ಲಿ ನೋಡಬೇಕು. ಮೊಬೈಲ್ ಟಾರ್ಚಿನಲ್ಲಿ ಮಾಸಿದ ಹಸಿರೂ ನೀಲಿಯೂ ಒಂದೇ ತರ ಕಾಣುತ್ತವೆ. ಕಟ್ಟಿನ ಟೇಪು ಒಂದಿಂಚು ಬಿಚ್ಚಿದರೆ ಒಳಗೆ ಬಿಸಿಲು ಧೂಳು ತಾಗದ ಅಸಲಿ ಬಣ್ಣ ಸಿಗುತ್ತದೆ.

ಹಿಮ್ಮಡಿಗೆ ತಾಗುವ ಆರು ಪಿನ್ನಿನ ಕಪ್ಲರ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಜನ ಅತಿ ಹೆಚ್ಚು ಅನುಮಾನಿಸುವುದೂ ಅತಿ ಕಡಿಮೆ ಉಪಯೋಗಿಸುವುದೂ ಅದನ್ನೇ. ಕಾರ್ಬುರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಬಂದ ಮೊದಲ ತಲೆಮಾರಿನ ಸುಜುಕಿ ಕಾರುಗಳಲ್ಲಿ ಇಂಥದ್ದೊಂದು ಪರೀಕ್ಷೆಯ ಕಪ್ಲರ್ ಇರುತ್ತಿತ್ತು. ಕೆಲವು ಮಾದರಿಗಳಲ್ಲಿ ಒಳಗೆ, ಕೆಲವದರಲ್ಲಿ ಬಾನೆಟ್ಟಿನ ಕೆಳಗೆ. ಅದಕ್ಕೆ ಜೋಡಿ ಇಲ್ಲದಿರುವುದೇ ಸರಿ. ಆ ಗಾಡಿಯ ಕೈಪಿಡಿಯಲ್ಲಿ ತೋರಿಸಿದ ಪಿನ್ನನ್ನು ಒಂದು ತುಂಡು ವೈರಿನಿಂದ ಅರ್ಥಿಂಗ್ ಪಿನ್ನಿಗೆ ಸೇರಿಸಿ ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಇಂಜಿನ್ ದೀಪ ಮಿನುಗತೊಡಗುತ್ತದೆ. ಒಂದು ಮಿನುಗು, ಸ್ವಲ್ಪ ಬಿಡುವು, ಎರಡು ಮಿನುಗು ಬಂದರೆ 12. ಸುಜುಕಿ ಲೆಕ್ಕದಲ್ಲಿ 12 ಎಂದರೆ ದೋಷ ಏನೂ ಇಲ್ಲ. ಬೇರೆ ಸಂಖ್ಯೆ ಬಂದರೆ ಯಾವ ಸೆನ್ಸರ್ ಕೈಕೊಟ್ಟಿದೆಯೆಂದು ಕೈಪಿಡಿ ಹೇಳುತ್ತದೆ. ಸ್ಕ್ಯಾನರ್ ಇಲ್ಲದೆ, ಶಿರಸಿಗೆ ಹೋಗದೆ, ಮನೆಯಂಗಳದಲ್ಲಿ ಮೂರಿಂಚು ವೈರಿನಲ್ಲಿ ಆಗುವ ಕೆಲಸ. ಆಮೇಲೆ ಸ್ಕ್ಯಾನರ್ ಚುಚ್ಚುವ ಹದಿನಾರು ಪಿನ್ನಿನ ಒಬಿಡಿ ಸಾಕೆಟ್ ಬಂತು. ಸ್ಟೇರಿಂಗಿನ ಕೆಳಗಿರುವ ಅದು ಈಗ ಯಾರಿಗೂ ನಿಗೂಢವಲ್ಲ. ಅದರ 16ನೇ ಪಿನ್ನಿನಲ್ಲಿ ಯಾವಾಗಲೂ ಬ್ಯಾಟರಿ ಕರೆಂಟು ಇರುತ್ತದೆ, 4 ಮತ್ತು 5 ಅರ್ಥಿಂಗ್ ಎಂಬುದು ಗೊತ್ತಿದ್ದರೆ ಒಳ್ಳೆಯದು.

ಬಣ್ಣ, ದಪ್ಪ, ಜಾಗ ಮೂರೂ ನೋಡಿಯೂ ಗುರುತು ಸಿಗದಿದ್ದರೆ ಪರೀಕ್ಷೆ. ಬಹಳ ಮಂದಿ ಇಲ್ಲಿ ಮಾಡುವ ಕೆಲಸವೆಂದರೆ ಬ್ಯಾಟರಿಯಿಂದ ಒಂದು ವೈರು ತಂದು ಖಾಲಿ ಪಿನ್ನಿಗೆ ತಾಗಿಸಿ "ಎಲ್ಲಿ ಏನು ಉರೀತು ನೋಡು" ಅಂತ ಹಿಂದೆ ನಿಂತವನಿಗೆ ಕೂಗುವುದು. ಗಾಡಿಯ ಕಂಪ್ಯೂಟರನ್ನು ಸುಡಲು ಇದಕ್ಕಿಂತ ಸರಳ ದಾರಿ ಇಲ್ಲ. ಸೆನ್ಸರಿನ ವೈರಿಗೆ 5 ವೋಲ್ಟ್ ಅಷ್ಟೇ ಅಭ್ಯಾಸ, 12 ತಡೆಯದು. ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಮಾತಾಡಿಸಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕೊಟ್ಟು ಕೆಂಪು ಕಡ್ಡಿಯನ್ನು ಪಿನ್ನಿಗೆ ಇಟ್ಟು ನೋಡಿ. ಕೀ ತೆಗೆದಾಗಲೂ 12 ಇದೆಯೇ? ಕೀ ಹಾಕಿದಾಗ ಮಾತ್ರವೇ? ಪಾರ್ಕಿಂಗ್ ಲೈಟ್ ಹಾಕಿದಾಗ ಬರುತ್ತದೆಯೇ? ರಿವರ್ಸ್ ಗೇರಿಗೆ? ಬ್ರೇಕಿಗೆ? ಪ್ರತಿ ಸ್ವಿಚ್ಚನ್ನೂ ಒಂದೊಂದಾಗಿ ಹಾಕಿ ತೆಗೆದರೆ ಕರೆಂಟು ತರುವ ವೈರುಗಳೆಲ್ಲ ತಾವಾಗಿ ಹೆಸರು ಹೇಳುತ್ತವೆ.

ಯಾವ ಸ್ವಿಚ್ಚಿಗೂ ಉತ್ತರಿಸದ ವೈರು ಇನ್ನೊಂದು ಜಾತಿ. ಅದು ಕರೆಂಟು ತರುವುದಲ್ಲ, ಕಾಯುವುದು. ಆಗ ಬ್ಯಾಟರಿ ಬಿಚ್ಚಿ ಓಮ್ ಅಳೆಯಬೇಕು. ಬಾಡಿಗೂ ಅದಕ್ಕೂ ನಡುವೆ ಎಪ್ಪತ್ತರಿಂದ ನೂರು ಓಮ್ ಬಂದರೆ ರಿಲೇಯ ಕಾಯಿಲ್ ಇರಬಹುದು. ತಣ್ಣಗಿನ ಇಂಜಿನ್ನಿನಲ್ಲಿ ಎರಡು ಮೂರು ಸಾವಿರ ಇದ್ದು, ಬಿಸಿಯಾದಂತೆ ಕೆಲವು ನೂರಕ್ಕೆ ಇಳಿದರೆ ಅದು ಉಷ್ಣತೆಯ ಸೆನ್ಸರು. ಸೊನ್ನೆಯ ಹತ್ತಿರ ಇದ್ದರೆ ಅರ್ಥಿಂಗ್ ಅಥವಾ ಬಲ್ಬು. ಅನಂತ ತೋರಿಸಿದರೆ ಆಚೆ ತುದಿಯೂ ಖಾಲಿ, ಅಥವಾ ನಡುವೆ ಇಲಿ ಕಡಿದಿದೆ.

ಮೀಟರ್ ಒಂದನ್ನೇ ನಂಬುವುದೂ ತಪ್ಪು. ಒಳಗೆಲ್ಲ ಕಿಲುಬು ಹಿಡಿದು ಒಂದೇ ಎಳೆ ಉಳಿದ ವೈರೂ ಮೀಟರಿನಲ್ಲಿ ಸಂಭಾವಿತನ ಹಾಗೆ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರು ಏನನ್ನೂ ಎಳೆಯುವುದಿಲ್ಲ. ಇಂಡಿಕೇಟರಿನ 21 ವಾಟ್ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಅದನ್ನು ಜೋಡಿಸಿದರೆ ಬಣ್ಣ ಬಯಲು. ಬಲ್ಬು ಮಂಕಾಗಿ ಉರಿದರೆ ವೈರು ಸತ್ತಿದೆ ಅಂತಲೇ ಲೆಕ್ಕ. ಅನುಭವಸ್ಥ ಎಲೆಕ್ಟ್ರಿಷಿಯನ್ನರ ಪೆಟ್ಟಿಗೆಯಲ್ಲಿ ಎರಡು ವೈರು ಬೆಸೆದ ಇಂಥ ಬಲ್ಬು ಇದ್ದೇ ಇರುತ್ತದೆ. ಅವರಲ್ಲಿ ಕೆಲವರು ಅದರಿಂದ ಇನ್ನೂ ಜಾಣ ಕೆಲಸ ಮಾಡಿಸುತ್ತಾರೆ. ಪದೇ ಪದೇ ಹಾರುವ ಫ್ಯೂಸಿನ ಜಾಗದಲ್ಲಿ ಆ ಬಲ್ಬನ್ನೇ ಕೂರಿಸುತ್ತಾರೆ. ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ವೈರು ಸುಡುವುದಿಲ್ಲ. ಆಮೇಲೆ ಅನುಮಾನದ ಕಪ್ಲರ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ಯಾವುದನ್ನು ಕಳಚಿದಾಗ ಬಲ್ಬು ಆರುತ್ತದೋ ಅಲ್ಲಿ ತೊಂದರೆ. ಹತ್ತಾರು ಫ್ಯೂಸು ಹಾಳು ಮಾಡುವುದು ತಪ್ಪುತ್ತದೆ. ಫ್ಯೂಸ್ ಹಾರುತ್ತದೆಂದು ಕೆಂಪು 10 ಆಂಪಿಯರ್ ತೆಗೆದು ಹಸಿರು 30 ಹಾಕುವವರಿಗೂ, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವವರಿಗೂ ಈ ಬಲ್ಬನ್ನು ಒಮ್ಮೆ ತೋರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದಕ್ಕೆ ಮಾತ್ರ ಪೂರ್ತಿ ಬೇಲಿ. ಹಳದಿ ಕಪ್ಲರ್. ಏರ್‌ಬ್ಯಾಗಿನ ವೈರಿಗೆ ಬಹುತೇಕ ಎಲ್ಲ ಕಂಪನಿಗಳೂ ಹಳದಿಯನ್ನೇ ಬಳಸುತ್ತವೆ. ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈನಿಂದ. ಆದರೂ ಅದಕ್ಕೂ ಹಿಂದಿನ ದುಬಾರಿ ಮಾದರಿಗಳು ಈಗ ಮೂರನೇ ನಾಲ್ಕನೇ ಕೈಗೆ ಹಳ್ಳಿಗಳಿಗೆ ಬರುತ್ತಿವೆ. ಮೀಟರು ಓಮ್ ಅಳೆಯಲು ಬಿಡುವ ಸಣ್ಣ ಕರೆಂಟನ್ನೂ ಏರ್‌ಬ್ಯಾಗಿನ ಸಿಡಿಮದ್ದಿನ ಹತ್ತಿರ ತರಬಾರದು. ಟೆಸ್ಟ್ ಬಲ್ಬಂತೂ ದೂರವೇ ಇರಲಿ. ಸೀಟಿನ ಕೆಳಗೆ, ಸ್ಟೇರಿಂಗಿನ ಕೆಳಗೆ ಹಳದಿ ಕಂಡರೆ ಕೈ ಹಿಂದೆ.

ನಮ್ಮ ಸೀಮೆಯಲ್ಲಿ ಇದೆಲ್ಲ ಇನ್ನಷ್ಟು ಗೋಜಲಾಗುವುದು ಮಳೆಯಿಂದ. ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಜಾಗದಲ್ಲಿ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆ. ಬಾಯಿ ತೆರೆದ ಕಪ್ಲರಿನ ಹಿತ್ತಾಳೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಜೀವಂತ ಪಿನ್ನಾದರೆ ಇನ್ನೂ ಬೇಗ, ಕರೆಂಟೂ ನೀರೂ ಸೇರಿ ಲೋಹವನ್ನು ತಿನ್ನುತ್ತವೆ. ಒಂದು ಪಿನ್ನು ಹಸಿರಾಗಿ ಪಕ್ಕದ್ದು ಹೊಳೆಯುತ್ತಿದ್ದರೆ ಹಸಿರಾದದ್ದರಲ್ಲಿ ಕರೆಂಟು ಇತ್ತೆಂದು ಮೀಟರ್ ಇಡುವ ಮೊದಲೇ ಊಹಿಸಬಹುದು. ಬೇಸಿಗೆಯಲ್ಲಿ ಕುಂಬಾರ ಹುಳ ಬಂದು ಖಾಲಿ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಅಡಿಕೆ ಅಟ್ಟದ ಪಕ್ಕ ನಿಲ್ಲಿಸಿದ ಗಾಡಿಗೆ ಇಲಿ ತಪ್ಪಿದ್ದಲ್ಲ. ಆಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಅಡಿಗೇ ಇರುವುದರಿಂದ ಅಲ್ಲಿಯ ಬೆಚ್ಚಗಿನ ಮೂಲೆ ಅವಕ್ಕೆ ಬಲು ಇಷ್ಟ. ಇಲಿ ಕಡಿದ ತುದಿಗೂ ಮನುಷ್ಯ ಕತ್ತರಿಸಿದ ತುದಿಗೂ ವ್ಯತ್ಯಾಸವಿದೆ. ಇಲಿ ಪ್ಲಾಸ್ಟಿಕ್ಕನ್ನು ಕೆರೆದು ತಾಮ್ರವನ್ನು ಅಡ್ಡಾದಿಡ್ಡಿ ಬಿಡುತ್ತದೆ, ಕಟಿಂಗ್ ಪ್ಲೇಯರ್ ನೇರ ತುಂಡು ಮಾಡುತ್ತದೆ. ಇಲಿ ಕಡಿದದ್ದಕ್ಕೆ ಜೋಡಿ ಹತ್ತಿರದಲ್ಲೇ ಸಿಗುತ್ತದೆ, ಹುಡುಕಿ ಸೇರಿಸಬೇಕು. ಮನುಷ್ಯ ಕತ್ತರಿಸಿದ್ದಕ್ಕೆ ಏನೋ ಕಾರಣ ಇರುತ್ತದೆ. ಅದು ತಿಳಿಯುವವರೆಗೆ ಸೇರಿಸಬಾರದು.

ಗುರುತು ಸಿಕ್ಕಿದ ಮೇಲೆ ಏನು ಮಾಡುವುದು? ಕಂಪನಿಯ ಖಾಲಿ ಕಪ್ಲರ್ ಆದರೆ ಪಿನ್ನು ಒರೆಸಿ, ಸ್ವಲ್ಪ ವ್ಯಾಸಲೀನ್ ಸವರಿ, ಬಾಯಿ ಕೆಳಗೆ ಬರುವ ಹಾಗೆ ಕಟ್ಟಿಗೆ ಬಿಗಿದರೆ ಸಾಕು, ಕತ್ತರಿಸುವುದು ಬೇಡ. ಆಮೇಲೆ ಬಂದ ಬಜಾರಿನ ವೈರನ್ನು ಅದು ಹುಟ್ಟಿದ ಜಾಗದವರೆಗೆ ಹಿಂಬಾಲಿಸಿ ಬೇರುಸಹಿತ ತೆಗೆಯಬೇಕು. ತುದಿ ಕತ್ತರಿಸಿ ಟೇಪು ಸುತ್ತಿದರೆ ಮುಂದಿನವರಿಗೆ ಇನ್ನೊಂದು ಒಗಟು. ಎಲ್ಲ ಮಾಡಿಯೂ ಗೊತ್ತಾಗದೇ ಉಳಿಯುವ ಒಂದೆರಡು ಇರುತ್ತವೆ. ಅವಕ್ಕೆ ಬಟ್ಟೆ ಪಟ್ಟಿ ಕಟ್ಟಿ, ಯಾವ ಪಿನ್ನಿನಲ್ಲಿ ಯಾವಾಗ ಎಷ್ಟು ವೋಲ್ಟ್ ಸಿಕ್ಕಿತು ಅಂತ ಅಳಿಯದ ಪೆನ್ನಿನಲ್ಲಿ ಬರೆದಿಟ್ಟರೆ ಮುಂದೆ ಕೆಲಸಕ್ಕೆ ಕೂರುವವರ ಅರ್ಧ ದಿನ ಉಳಿಯುತ್ತದೆ.

ಜೀಪಿನದ್ದಾದರೆ ನನ್ನ ಅಭಿಪ್ರಾಯ ಬೇರೆ. ಮೂರು ಇಂಜಿನ್ ಕಂಡ ಗಾಡಿಯ ವೈರಿಂಗ್ ಬಿಡಿಸುತ್ತ ಕೂರುವುದಕ್ಕಿಂತ ಹೊಸ ಸೆಟ್ ಹಾಕಿಸುವುದೇ ವಾಸಿ, ಜೀಪಿಗೂ ಅಂಬಾಸಿಡರಿಗೂ ಪೂರ್ತಿ ಸೆಟ್ ಪೇಟೆಯಲ್ಲಿ ಸಿಗುತ್ತದೆ. ಆದರೆ ಹಳೇ ಸೆಟ್ಟನ್ನು ಕತ್ತರಿಸಿ ಎಳೆಯಬೇಡಿ. ಕಪ್ಲರ್ ಕಪ್ಲರಾಗಿ ಕಳಚಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಗಾಡಿಯಲ್ಲಿದ್ದ ಹಾಗೇ ಉದ್ದಕ್ಕೆ ಹಾಸಿ, ಹೊಸದನ್ನು ಪಕ್ಕದಲ್ಲಿಟ್ಟು ಕವಲಿಗೆ ಕವಲು ತಾಳೆ ನೋಡಿ. ಹೊಸದರಲ್ಲಿ ಹೆಚ್ಚಿಗೆ ಕಾಣುವ ತುದಿಗಳು ನಿಮ್ಮ ಗಾಡಿಗೆ ಬೇಡದವು. ಹಳೆಯದರಲ್ಲಿ ಹೆಚ್ಚಿಗೆ ಕಾಣುವ ತುದಿಗಳ ಬಗ್ಗೆ ಗಾಡಿ ಮಾರಿದವರಿಗೆ ಒಂದು ಫೋನು ಹಾಕಿ.